‘ಡಾಕ್ಟ್ರು ಬರ್ತಾರೆ’ ಅಂದರೆ ಸಾಲದು

ಸಂಘದ ಕಾರ್ಯದರ್ಶಿಯಾಗಿ ನಾನು ದಿನಕ್ಕೆ ಹತ್ತಾರು ಫೋನ್ ಎತ್ತುತ್ತೇನೆ. ಬಟವಾಡೆ ಯಾವಾಗ, ಫೀಡ್ ಲೋಡು ಬಂತಾ, ನಿನ್ನೆ ಫ್ಯಾಟ್ ಯಾಕೆ ಕಡಿಮೆ ಬಿತ್ತು ಎಂಬ ಮಾತುಗಳೇ ಹೆಚ್ಚು. ಇವಕ್ಕೆ ಅರ್ಧ ದಿನ ತಡವಾಗಿ ಉತ್ತರ ಸಿಕ್ಕರೂ ಯಾರಿಗೂ ನಷ್ಟವಿಲ್ಲ. ರಾಸಿನ ವಿಷಯಕ್ಕೆ ಬರುವ ಫೋನ್ ಹಾಗಲ್ಲ.

ಕೆಲವು ವರ್ಷಗಳ ಹಿಂದೆ, ಬೆಳಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ನಮ್ಮ ಸದಸ್ಯೆಯೊಬ್ಬರು ಫೋನ್ ಮಾಡಿದರು. ‘ಅಣ್ಣಾ, ಹಸು ಮೇಲೇಳ್ತಿಲ್ಲ, ಡಾಕ್ಟ್ರನ್ನ ಕಳಿಸಿ.’ ಎದುರಿಗೆ ಸಾಲು, ಕ್ಯಾನಿನ ಸದ್ದು. ‘ಹೇಳ್ತೀನಕ್ಕ, ಬರ್ತಾರೆ’ ಎಂದು ಇಟ್ಟುಬಿಟ್ಟೆ. ಡಾಕ್ಟರಿಗೆ ತಿಳಿಸಿದ್ದು ನಿಜ. ಅವರು ದೂರದ ಊರಿನಲ್ಲಿ ಕರು ಹಾಕಲು ಕಷ್ಟಪಡುತ್ತಿದ್ದ ಎಮ್ಮೆಯ ಬಳಿ ಇದ್ದರು, ಮಧ್ಯಾಹ್ನವಾಗುತ್ತದೆ ಎಂದರು. ಆ ಮಾತನ್ನು ನಾನು ಆಕೆಗೆ ಮುಟ್ಟಿಸಲಿಲ್ಲ. ಆಕೆ ನನ್ನ ‘ಬರ್ತಾರೆ’ಯನ್ನು ನಂಬಿ, ಬೇರೆ ಯಾರಿಗೂ ಹೇಳದೆ ಬಾಗಿಲಲ್ಲಿ ಕಾದರು. ಹಸು ಕರು ಹಾಕಿ ಎರಡೇ ದಿನವಾಗಿತ್ತು. ಅದು ಹಾಲು ಜ್ವರ. ಡಾಕ್ಟರ್ ಬರುವಷ್ಟರಲ್ಲಿ ಹಸು ಹೋಗಿತ್ತು.

ಸಕಾಲಕ್ಕೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋದರೆ ಬಹುಪಾಲು ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಅಂದರೆ ನಾನು ಕೇಳಬೇಕಿದ್ದದ್ದು ಮೂರೇ ಮಾತು: ಕರು ಹಾಕಿ ಎಷ್ಟು ದಿನವಾಯಿತು? ಕಿವಿ ತಣ್ಣಗಿದೆಯಾ? ಕತ್ತನ್ನು ಪಕ್ಕೆಯ ಕಡೆ ತಿರುಗಿಸಿಕೊಂಡಿದೆಯಾ? ಇಷ್ಟು ಹೇಳಿದ್ದರೆ ಡಾಕ್ಟರೇ ಇನ್ನೊಬ್ಬರನ್ನು ಕಳಿಸುತ್ತಿದ್ದರೇನೋ. ಡಾಕ್ಟರ್ ಬರುವವರೆಗೆ ಬಾಯಿಗೆ ಏನನ್ನೂ ಹೊಯ್ಯಬೇಡಿ, ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಬೀಳದಂತೆ ಹುಲ್ಲು ತುಂಬಿದ ಚೀಲ ಒರಗಿಸಿ ಕೂರಿಸಿ ಎಂದು ಫೋನಿನಲ್ಲೇ ಹೇಳಬಹುದಿತ್ತು.

‘ತಡವಾಗುತ್ತೆ ಅಂದ್ರೆ ಜನ ಬಯ್ತಾರೆ’ ಎನ್ನುವ ಕಾರ್ಯದರ್ಶಿ ಮಿತ್ರರಿದ್ದಾರೆ. ಬಯ್ಯಲಿ. ‘ಎರಡು ಗಂಟೆಗೆ ಮುಂಚೆ ಆಗಲ್ಲ, ಅಷ್ಟರಲ್ಲಿ 1962ಕ್ಕೆ ಮಾಡಿ ನೋಡಿ’ ಎಂದರೆ ಬಯ್ದುಕೊಂಡಾದರೂ ಅವರು ಇನ್ನೊಂದು ದಾರಿ ಹುಡುಕುತ್ತಾರೆ. ಹೊತ್ತು ಹೇಳದ ‘ಬರ್ತಾರೆ’ ಅವರ ಕೈಕಾಲು ಕಟ್ಟಿಹಾಕುತ್ತದೆ.

ಬೆದೆಯ ಫೋನೂ ಹೀಗೆಯೇ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೂಜಿ ಹಾಕಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಫೋನ್ ಎತ್ತಿದವರು ‘ಯಾವಾಗ ಕಂಡಿದ್ದು?’ ಎಂದು ಕೇಳುವುದು ಅಪರೂಪ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ. ಅಷ್ಟು ದಿನದ ಮೇವು, ಹಿಂಡಿ ಉತ್ಪಾದಕರ ಲೆಕ್ಕಕ್ಕೆ.

ತಪ್ಪು ಒಂದೇ ಕಡೆಯದಲ್ಲ. ಬೆಂಗಳೂರಿನಲ್ಲಿರುವ ಮಗನಿಂದ ಫೋನ್ ಮಾಡಿಸುವವರಿದ್ದಾರೆ. ಹಸು ಮೆಲುಕು ಹಾಕುತ್ತಿದೆಯಾ ಎಂದರೆ ಆತ ‘ಇರಿ, ಅಮ್ಮನ್ನ ಕೇಳಿ ಹೇಳ್ತೀನಿ’ ಅನ್ನುತ್ತಾನೆ! ಹಸುವಿನ ಪಕ್ಕ ನಿಂತವರೇ ಮಾತನಾಡಲಿ. ಕಿವಿ ಓಲೆಯ ನಂಬರು, ಕರು ಹಾಕಿದ ದಿನ ಗೋಡೆಯ ಮೇಲಾದರೂ ಬರೆದಿರಲಿ.

ಈಗ ನಮ್ಮ ಡೈರಿಯಲ್ಲಿ ಫೋನಿನ ಪಕ್ಕ ಒಂದು ಪುಸ್ತಕವಿದೆ. ಹಾಲು ಹಾಕುವ ಹೊತ್ತಿನಲ್ಲಿ ಫೋನ್ ನನ್ನ ಕೈಯಲ್ಲಿರುವುದಿಲ್ಲ, ಸಹಾಯಕರ ಕೈಯಲ್ಲಿರುತ್ತದೆ. ಯಾರು, ಏನು, ಡಾಕ್ಟರ್ ಹೇಳಿದ ಹೊತ್ತೆಷ್ಟು, ಅದನ್ನು ತಿರುಗಿ ಫೋನ್ ಮಾಡಿ ತಿಳಿಸಿದ್ದು ಯಾವಾಗ ಎಂದು ಬರೆಯುತ್ತಾರೆ. ಕೊನೆಯ ಕಾಲಂ ಖಾಲಿ ಇದ್ದರೆ ಸಂಜೆ ನನಗೆ ಕಾಣುತ್ತದೆ. ಒಕ್ಕೂಟದ ಶಿಬಿರ ಕಚೇರಿಯವರಲ್ಲಿ ನನ್ನ ಬೇಡಿಕೆಯೂ ಇಷ್ಟೇ: ನಾವು ಕೇಳಿದಾಗ ‘ಕಳಿಸ್ತೀವಿ’ ಎನ್ನಬೇಡಿ, ಎಷ್ಟು ಗಂಟೆಗೆ ಎಂದು ಹೇಳಿ. ಆ ಕಾಲಂ ತುಂಬಲು ನಮಗೆ ಅದೊಂದು ಬೇಕು.