ಪಶ್ಚಾತ್ತಾಪಕ್ಕೆ ಷರತ್ತು ಸಲ್ಲದು

ಗುರುಪೀಠವಿರಲಿ, ನ್ಯಾಯಪೀಠವಿರಲಿ, ಅದು ಕುಳಿತವರ ದೊಡ್ಡಸ್ತಿಕೆಗಾಗಿ ಇರುವುದಲ್ಲ. ಅಳಲು ಹೊತ್ತು ಬಂದವರ ಭಯ ಕಳೆಯುವುದಕ್ಕಾಗಿ ಇರುವುದು. ಆದ್ದರಿಂದಲೇ ಪೀಠದಿಂದ ಬಂದ ಒಂದು ಹಗುರ ಮಾತೂ ಕೇಳಿದವರ ಎದೆಗೆ ಭಾರವಾಗುತ್ತದೆ.

ಬೆಂಗಳೂರಿನ ಬಾಪೂಜಿ ನಗರದ ಭಕ್ತರು ಮೈಸೂರು ರಸ್ತೆ ಹಿಡಿದು ಮಾರುಕಟ್ಟೆಗೆ ಹೊರಟರೆ ದಾರಿಯಲ್ಲಿ ಗೋರಿಪಾಳ್ಯ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ವಿಚಾರಣೆಯ ನಡುವೆ ಆ ಪ್ರದೇಶವನ್ನು ಪಾಕಿಸ್ತಾನವೆಂದು ಕರೆದರು. ಮಹಿಳಾ ವಕೀಲರೊಬ್ಬರಿಗೆ ಅವರು ಆಡಿದ ಮಾತೂ ಟೀಕೆಗೆ ಗುರಿಯಾಯಿತು. ಕಲಾಪದ ದೃಶ್ಯಗಳು ಜನರ ಮುಂದೆ ಬಂದ ಮೇಲೆ, ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಮರುದಿನವೇ ಅವರು ತೆರೆದ ನ್ಯಾಯಾಲಯದಲ್ಲಿ, ಆ ಮಾತು ಉದ್ದೇಶಪೂರ್ವಕವಲ್ಲ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದರು. ದೇಶದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲವೆಂದು ಎಚ್ಚರಿಸಿ, ಸುಪ್ರೀಂ ಕೋರ್ಟು 25ರಂದು ಪ್ರಕರಣವನ್ನು ಮುಗಿಸಿತು.

ಪೀಠದಲ್ಲಿ ಕುಳಿತೇ ವಿಷಾದ ಹೇಳಿದ್ದು ಮೆಚ್ಚತಕ್ಕದ್ದು. ಆದರೆ ‘ನೋವಾಗಿದ್ದರೆ’ ಎಂಬ ಮಾತನ್ನು ನಾವೆಲ್ಲರೂ ವಿಚಾರಿಸಬೇಕು. ಆಡಿದ ಮಾತು ತಪ್ಪೋ ಅಲ್ಲವೋ ಎಂಬುದು ಕೇಳಿದವರ ನೋವಿನ ಮೇಲೆ ನಿಂತಿಲ್ಲ. ಯಾರೂ ನೋಯದಿದ್ದರೂ ತಪ್ಪು ತಪ್ಪೇ. ಇಂಥ ಮಾತು ಆಡಿದೆ, ಇಂಥವರಿಗೆ ಅನ್ಯಾಯವಾಯಿತು, ಇನ್ನು ಆಡೆನು ಎನ್ನುವುದು ಪಶ್ಚಾತ್ತಾಪ. ಆ ಓಣಿಯ ಬಡವನೊಬ್ಬ ನಾಳೆ ಕಟಕಟೆಯಲ್ಲಿ ನಿಂತಾಗ ಅವನ ಅಹವಾಲನ್ನು ಸಮಭಾವದಿಂದ ಕೇಳುವುದು ಅದರ ಪ್ರಾಯಶ್ಚಿತ್ತ.

ಹೈಕೋರ್ಟು ನ್ಯಾಯಾಧೀಶರನ್ನು ಸಂಸತ್ತಿನ ಮೂಲಕವಲ್ಲದೆ ಪದಚ್ಯುತಗೊಳಿಸುವಂತಿಲ್ಲ. ಸಂವಿಧಾನ ಕೊಟ್ಟ ಈ ರಕ್ಷಣೆ ನಿರ್ಭಯವಾಗಿ ನ್ಯಾಯ ಹೇಳಲೆಂದೇ ಹೊರತು, ಉತ್ತರ ಹೇಳುವ ಹೊಣೆಯಿಂದ ತಪ್ಪಿಸಿಕೊಳ್ಳಲೆಂದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ ವಿಧಿಸಿದ ಬಿಜ್ಜಳನನ್ನು ಅಂದು ಪ್ರಶ್ನಿಸಬಲ್ಲ ಮೇಲಿನ ನ್ಯಾಯಾಲಯವಿರಲಿಲ್ಲ. ಆದರೂ ಶರಣ ಪರಂಪರೆ ಆ ತೀರ್ಪನ್ನು ಇಂದಿಗೂ ಮರೆತಿಲ್ಲ. ತೀರ್ಪು ಕೊಟ್ಟವರಿಗೂ ಒಂದು ತೀರ್ಪು ಕಾದಿರುತ್ತದೆ.

ಇದು ದೊಡ್ಡ ನ್ಯಾಯಾಲಯಕ್ಕೆ ಮಾತ್ರ ಸೇರಿದ ವಿಚಾರವಲ್ಲ. ಊರಿನ ಕಟ್ಟೆಯ ಮೇಲೆ ಕುಳಿತು ಅಣ್ಣತಮ್ಮಂದಿರ ಪಾಲು ಹಂಚುವ, ಅತ್ತೆ ಸೊಸೆಯರ ವ್ಯಾಜ್ಯ ಬಗೆಹರಿಸುವ ಹಿರಿಯರೂ ನ್ಯಾಯಾಧೀಶರೇ. ಯಾವ ಕೇರಿಯವನು, ಯಾವ ಕುಲದವನು ಎಂದು ಮೊದಲೇ ತೂಗಿಟ್ಟು ಆಮೇಲೆ ನ್ಯಾಯ ಕೇಳಬಾರದು. ಕೇಳಿದ್ದರೆ, ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ತಿದ್ದಿಕೊಳ್ಳಬೇಕು. ಅದರಿಂದ ಹಿರಿತನ ಕುಂದುವುದಿಲ್ಲ, ಬೆಳೆಯುತ್ತದೆ. ನ್ಯಾಯ ಹೇಳುವ ಸರ್ವರಿಗೂ ಆ ಸದ್ಬುದ್ಧಿಯನ್ನು ಭಗವಂತ ಕರುಣಿಸಲಿ.