ಗಾಡಿಯ ಕೀ ಬಚ್ಚಿಡುವ ಮುನ್ನ

"ಡಾಕ್ಟ್ರೇ, ಎದೆನೋವಿಲ್ಲ, ಮೇಲುಸಿರಿಲ್ಲ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೋದೇ ತಿಳಿಯೋದಿಲ್ಲ."

ಹೊಳೆನರಸೀಪುರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನೆದುರು ಕುಳಿತು ಹೇಳಿದ ಮಾತಿದು. ಆರು ತಿಂಗಳ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಸಕಾಲದಲ್ಲಿ ಆಂಜಿಯೋಪ್ಲಾಸ್ಟಿ ಆಗಿ ಸ್ಟೆಂಟ್ ಹಾಕಿದ್ದರು. ರಕ್ತದೊತ್ತಡ, ಸಕ್ಕರೆ ಎರಡೂ ಹತೋಟಿಯಲ್ಲಿದ್ದವು. ಇಸಿಜಿ, ಎಕೋ ವರದಿಗಳಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ. ಆದರೂ ಮನುಷ್ಯ ಸೊರಗಿದ್ದರು. ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಹೊಸದಾಗಿ ಏನಾದರೂ ಬೇಸರವಾಯಿತೇ ಎಂದು ಕೇಳಿದೆ. "ಮಗ ಗಾಡಿ ಕೀ ಎತ್ತಿಟ್ಟಿದ್ದಾನೆ. ನೀವೇ ಬೇಡ ಅಂದಿದ್ರಂತಲ್ಲ" ಎಂದರು.

ಹೌದು, ನಾನೇ ಹೇಳಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲಿ ಮಗ "ಇನ್ನು ಬೈಕ್ ಓಡಿಸಬಹುದೇ ಸಾರ್?" ಎಂದು ಕೇಳಿದ್ದರು. ಹೊರಗೆ ಇಪ್ಪತ್ತು ಜನ ರೋಗಿಗಳು ಕಾಯುತ್ತಿದ್ದರು. "ಈ ವಯಸ್ಸಿಗೆ ಅದೆಲ್ಲ ಯಾಕೆ, ಬೇಡ" ಎಂದು ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೆ. ಎಷ್ಟು ದಿನ ಬೇಡ, ಯಾಕೆ ಬೇಡ, ಮತ್ತೆ ಯಾವಾಗ ಎಂದು ಹೇಳಿರಲಿಲ್ಲ. ಆ ಅರ್ಧ ನಿಮಿಷದ ಮಾತು ಅವರನ್ನು ಆರು ತಿಂಗಳು ಜಗಲಿಯ ಮೇಲೆ ಕೂರಿಸಿತ್ತು. ದಿನ ಬೆಳಗಾದರೆ ತೋಟಕ್ಕೆ ಹೋಗುತ್ತಿದ್ದವರು, ಸಂಜೆ ಹಳೆಯ ಶಿಷ್ಯರ ಅಂಗಡಿಗಳಲ್ಲಿ ಕೂತು ಹರಟುತ್ತಿದ್ದವರು, ಅರಕಲಗೂಡಿನಲ್ಲಿರುವ ತಂಗಿಯ ಮನೆಗೆ ತಿಂಗಳಿಗೆರಡು ಸಲ ಹೋಗಿ ಬರುತ್ತಿದ್ದವರು, ಈಗ ಎಲ್ಲಿಗೆ ಹೋಗಬೇಕಾದರೂ ಮಗನ ಬಿಡುವಿಗೆ ಕಾಯಬೇಕಿತ್ತು. ಹಾಸನದಂಥ ಪಟ್ಟಣದಲ್ಲಾದರೆ ಆಟೋ ಸಿಗುತ್ತದೆ. ದಿನಕ್ಕೆರಡು ಬಾರಿ ಬಸ್ಸು ಬರುವ ಹಳ್ಳಿಯಲ್ಲಿ ಗಾಡಿಯ ಕೀ ಹೋಯಿತೆಂದರೆ ಕಾಲೇ ಹೋದ ಹಾಗೆ.

ಓದುಗರೇ, ಈ ವಾರ ನಾನು ಹೇಳಬೇಕೆಂದಿರುವುದು ಇಷ್ಟೇ. ಕಾಯಿಲೆ, ನಿವೃತ್ತಿ ಅಥವಾ ಸಾವಿನ ನೋವಿನಿಂದ ಕುಗ್ಗಿದವರಿಗೆ ಮತ್ತೆ ಬದುಕು ಶುರು ಮಾಡಲು ದ್ವಿಚಕ್ರ ವಾಹನ ಒಳ್ಳೆಯ ಊರುಗೋಲಾಗಬಲ್ಲದು. ಅದು ಅಪಾಯದ ಊರುಗೋಲೂ ಹೌದು. ಆದ್ದರಿಂದ ಕೀ ಕಸಿದುಕೊಳ್ಳುವ ಮುನ್ನ ಪರೀಕ್ಷೆ ಮಾಡಿಸಿ. ಕೀ ಕೊಡುವ ಮುನ್ನವೂ ಪರೀಕ್ಷೆ ಮಾಡಿಸಿ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೊಂದು ಕಾರಣವೂ ಇದೆ. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದಾದ್ಯಂತ ಸುದ್ದಿಯಾದವು. ಸರ್ಕಾರ ತಜ್ಞರ ಸಮಿತಿಯನ್ನೂ ನೇಮಿಸಿತು. ಆ ಗಾಬರಿಯಲ್ಲಿ ಪರೀಕ್ಷೆಗೆಂದು ಬಂದವರು ಎಷ್ಟೋ ಜನ. ಬೀಡಿ ಬಿಟ್ಟವರು, ಸಕ್ಕರೆ ಪರೀಕ್ಷೆ ಮಾಡಿಸಿಕೊಂಡವರು ಇದ್ದರು, ಅದು ಒಳ್ಳೆಯದಾಯಿತು. ಆದರೆ ಒಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದವರು ಹೆದರಿ ಮನೆ ಹಿಡಿದದ್ದನ್ನೂ ನೋಡಿದ್ದೇನೆ. ಹೃದಯಾಘಾತದ ನಂತರ ಖಿನ್ನತೆ ಸಾಮಾನ್ಯ. ಖಿನ್ನತೆಗೆ ಒಳಗಾದವರು ಮಾತ್ರೆ ಮರೆಯುತ್ತಾರೆ, ನಡೆಯುವುದನ್ನು ಬಿಡುತ್ತಾರೆ, ಮತ್ತೆ ಬೀಡಿ ಹಚ್ಚುತ್ತಾರೆ. ಹೃದಯ ಉಳಿಸಲೆಂದು ಮನೆಯಲ್ಲಿ ಕೂರಿಸಿದರೆ ಹೃದಯಕ್ಕೇ ಕೇಡು.

ಗಾಡಿಯಿಂದ ಮನಸ್ಸಿಗೆ ನಿಜವಾಗಿ ಏನಾದರೂ ಆಗುತ್ತದೆಯೇ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 50 ಅನುಭವಿ ಸವಾರರನ್ನು ಪರೀಕ್ಷಿಸಿದರು. ಸವಾರಿಯ ವೇಳೆ ಹೃದಯ ಬಡಿತ ಶೇಕಡಾ 11ರಷ್ಟು ಹೆಚ್ಚಾಯಿತು. ಒತ್ತಡವನ್ನು ಸೂಚಿಸುವ ಹಾರ್ಮೋನುಗಳ ಪ್ರಮಾಣ ಶೇಕಡಾ 28ರಷ್ಟು ಇಳಿಯಿತು. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ, ಹತ್ತು ವರ್ಷ ಬೈಕ್ ಮುಟ್ಟದಿದ್ದ ಮಧ್ಯವಯಸ್ಕರಿಗೆ ಎರಡು ತಿಂಗಳು ಬೈಕ್ ಓಡಿಸಲು ಕೊಟ್ಟು ನೋಡಿದಾಗ ಅವರ ನೆನಪು, ಗಮನ ಚುರುಕಾಗಿದ್ದವು. ಈ ಎರಡಕ್ಕೂ ಹಣ ಕೊಟ್ಟವರು ಮೋಟಾರ್‌ಸೈಕಲ್ ತಯಾರಿಸುವ ಕಂಪನಿಗಳು ಎಂಬುದನ್ನು ಮರೆಯಬೇಡಿ. ಅಲ್ಲದೆ ಭಾಗವಹಿಸಿದವರು ಕೆಲವೇ ಜನ. ಆದ್ದರಿಂದ ಬೈಕ್ ಖಿನ್ನತೆಗೆ ಮದ್ದು ಎಂದು ನಾನು ಹೇಳಲಾರೆ. ಗಾಡಿ ಓಡಿಸುವುದು ವಾಕಿಂಗ್‌ಗೆ ಬದಲಿಯೂ ಅಲ್ಲ. ಅದರ ದೊಡ್ಡ ಉಪಕಾರ ಬೇರೆ ಇದೆ. ಅದು ಮನುಷ್ಯನನ್ನು ಜನರ ನಡುವೆ ಕರೆದೊಯ್ಯುತ್ತದೆ, ಇನ್ನೊಬ್ಬರನ್ನು ಕೇಳದೆ ಹೊರಡುವ ಧೈರ್ಯ ಕೊಡುತ್ತದೆ.

ಇದಕ್ಕೆ ನಮ್ಮ ಪಕ್ಕದ ಮೈಸೂರಿನಲ್ಲೇ ಒಂದು ನಿದರ್ಶನವಿದೆ. ಅಲ್ಲಿನ ಡಿ. ಕೃಷ್ಣಕುಮಾರ್ ಅವರು ತಂದೆ ತೀರಿಕೊಂಡ ಮೇಲೆ ಒಮ್ಮೆ ತಾಯಿ ಚೂಡಾರತ್ನಮ್ಮನವರನ್ನು ಯಾವ ಯಾವ ಕ್ಷೇತ್ರ ನೋಡಿದ್ದೀರಿ ಎಂದು ಕೇಳಿದರಂತೆ. ದೊಡ್ಡ ಕುಟುಂಬದ ಅಡುಗೆಮನೆಯಲ್ಲೇ ಜೀವನ ಕಳೆದ ಆ ತಾಯಿ, ಹತ್ತಿರದ ಬೇಲೂರನ್ನೂ ನೋಡಿಲ್ಲ ಎಂದರಂತೆ. ಹಾಸನದವರಾದ ನಮಗೆ ಬೇಲೂರು ಸುಮಾರು 40 ಕಿಲೋಮೀಟರ್! ಮಗ ಕೆಲಸ ಬಿಟ್ಟರು. ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ 2018ರ ಜನವರಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ಹೊರಟರು. 2020ರೊಳಗೆ ನೇಪಾಳ, ಭೂತಾನ್, ಮ್ಯಾನ್ಮಾರ್ ಸೇರಿದಂತೆ 50 ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತಿದರು. ಆ ತಾಯಿಗೆ ಆಗ 70ರ ಆಸುಪಾಸು. ನಾವೆಲ್ಲ ಕೆಲಸ ಬಿಟ್ಟು ಹೊರಡಬೇಕಿಲ್ಲ. ನಮ್ಮ ಮನೆಯ ಅಮ್ಮ ಬೇಲೂರು ನೋಡಿದ್ದಾರೆಯೇ ಎಂದು ಕೇಳಿದರೂ ಸಾಕು.

ಅಮ್ಮಂದಿರು ಹಿಂದಿನ ಸೀಟಿನಲ್ಲೇ ಕೂರಬೇಕೆಂದೂ ಇಲ್ಲ. ಚನ್ನರಾಯಪಟ್ಟಣದ ಕಡೆಯ ಒಬ್ಬ ಹೆಣ್ಣುಮಗಳು ಗಂಡ ಹೋದ ಮೇಲೆ ಸಣ್ಣಪುಟ್ಟ ನೋವಿಗೂ ನನ್ನಲ್ಲಿಗೆ ಬರುತ್ತಿದ್ದರು. ತಲೆನೋವು, ಬೆನ್ನುನೋವು, ಎದೆ ಡವಡವ; ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಅಂಗಳದಲ್ಲಿ ಗಂಡನ ಸ್ಕೂಟರ್ ಗೋಣಿತಾಟು ಹೊದ್ದು ನಿಂತಿತ್ತು. 52ನೇ ವಯಸ್ಸಿನಲ್ಲಿ ಮಗಳ ಕೈಲಿ ಅದನ್ನೇ ಕಲಿತರು. "ಊರವರು ನಕ್ಕರು ಸಾರ್. ಈಗ ಅವರೇ ಡೈರಿಗೆ ಹಾಲು ಹಾಕೋಕೆ ನನ್ನ ಹಿಂದೆ ಕೂತ್ಕೊಂಡು ಬರ್ತಾರೆ" ಎಂದರು. ನನ್ನ ಶಾಪಿಗೆ ಬರುವುದು ಕಡಿಮೆಯಾಯಿತು. ನನಗೆ ಇದರಲ್ಲಿ ನಷ್ಟವಾಯಿತೆಂದು ನಗುತ್ತಲೇ ಹೇಳುತ್ತೇನೆ.

ಇನ್ನು ಅಪಾಯದ ಮಾತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಒಳ್ಳೆಯ ಹೆಲ್ಮೆಟ್ ಸಾವಿನ ಸಂಭವವನ್ನು ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಹೇಳುತ್ತದೆ. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು, ಪಟ್ಟಿಯನ್ನು ಬಿಗಿದಿರಬೇಕು. ಪೊಲೀಸರಿಗೆ ತೋರಿಸಲು ಹಾಕುವ ಟೋಪಿ ತಲೆ ಕಾಯುವುದಿಲ್ಲ.

ಹಾಗಾದರೆ ಯಾರು ಓಡಿಸಬಹುದು? ಆಂಜಿಯೋಪ್ಲಾಸ್ಟಿ ಯಶಸ್ವಿಯಾಗಿ, ಹೃದಯದ ಪಂಪಿಂಗ್ ಚೆನ್ನಾಗಿದ್ದು, ಬೇರೆ ತೊಡಕಿಲ್ಲದಿದ್ದರೆ ಒಂದು ವಾರದ ನಂತರ, ಇಲ್ಲವಾದರೆ ನಾಲ್ಕು ವಾರದ ನಂತರ ವಾಹನ ಓಡಿಸಲು ಬ್ರಿಟನ್ನಿನ ನಿಯಮ ಒಪ್ಪುತ್ತದೆ. ನಮ್ಮ ಹಳ್ಳಿಯ ರಸ್ತೆಗಳನ್ನು ನೋಡಿ ನಾನು ಇನ್ನಷ್ಟು ಕಾಯಲು ಹೇಳುತ್ತೇನೆ. ಕೊನೆಯ ಮಾತು ನಿಮ್ಮ ಹೃದಯ ತಜ್ಞರದು. ಬೈಪಾಸ್ ಆದವರಿಗೆ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಫಿಟ್ಸ್ ಬರುವವರು, ಆಗಾಗ ಕಣ್ಣು ಕತ್ತಲೆ ಬಂದು ಬೀಳುವವರು ಓಡಿಸಲೇಬಾರದು. ಪಾರ್ಶ್ವವಾಯುವಾದವರು ಕೈಕಾಲು, ಕಣ್ಣು, ಗಮನ ಎಲ್ಲ ಸರಿಯಾಗಿದೆಯೆಂದು ವೈದ್ಯರು ಹೇಳುವವರೆಗೆ ಕಾಯಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಹೊರಡುವ ಮುನ್ನ ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿಂಡಿ. ಜೇಬಿನಲ್ಲಿ ಒಂದು ತುಂಡು ಬೆಲ್ಲವೋ ಗ್ಲೂಕೋಸೋ ಇರಲಿ. ಬೆವರು, ನಡುಕ ಕಂಡರೆ ಗಾಡಿ ನಿಲ್ಲಿಸಿ ತಿನ್ನಿ. ನೆಗಡಿ, ಅಲರ್ಜಿಯ ಮಾತ್ರೆ, ನಿದ್ದೆ ಮಾತ್ರೆಗಳು ತೂಕಡಿಕೆ ತರುತ್ತವೆ. ಗುಂಡು ಹಾಕಿದ ದಿನ ಗಾಡಿ ಮುಟ್ಟಬಾರದೆಂದು ಬಿಡಿಸಿ ಹೇಳಬೇಕೇ?

ಕಣ್ಣಿನ ಪರೀಕ್ಷೆಗೆ ಮನೆಯಲ್ಲೇ ಒಂದು ಉಪಾಯವಿದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಲ್ಲಿ ನಿಂತ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ನೋಡಿ. ಪರವಾನಗಿಗೆ 40 ದಾಟಿದವರು ತರಬೇಕಾದ ವೈದ್ಯರ ಪ್ರಮಾಣಪತ್ರ, ಅಂದರೆ ಫಾರಂ 1ಎ, ಕೇಳುವುದೂ ಇದನ್ನೇ. ಇಲ್ಲಿ ನನ್ನ ವೃತ್ತಿಬಾಂಧವರಿಗೂ ಒಂದು ಮಾತಿದೆ. ಈ ಪತ್ರಕ್ಕೆ ನಾವು ರೋಗಿಯ ಮುಖವನ್ನೂ ನೋಡದೆ ಸಹಿ ಹಾಕುವುದುಂಟು. ಪರೀಕ್ಷಿಸದೆ "ಆಗಬಹುದು" ಎನ್ನುವುದೂ, ನಾನು ಮೇಷ್ಟ್ರಿಗೆ ಮಾಡಿದಂತೆ ಪರೀಕ್ಷಿಸದೆ "ಬೇಡ" ಎನ್ನುವುದೂ ಒಂದೇ ತಪ್ಪಿನ ಎರಡು ಮುಖ.

ನಮ್ಮ ರಸ್ತೆಗಳ ವಿಚಾರವೂ ಬೇರೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಜಾರಿ ಬೀಳುವುದು ಖಂಡಿತ. ಕತ್ತಲಾದ ಮೇಲೆ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳಿರುತ್ತವೆ. ಹೊಸದಾಗಿ ಶುರು ಮಾಡುವವರು ಚನ್ನರಾಯಪಟ್ಟಣದ ಹೆದ್ದಾರಿಗೆ ಇಳಿಯದೆ ಊರಿನ ರಸ್ತೆಗಳಲ್ಲೇ ಇರಲಿ, ಕತ್ತಲಾಗುವ ಮುನ್ನ ಮನೆ ಸೇರಲಿ. ಹಿಂದೆ ಕೂರುವ ಹೆಂಗಸರು ಸೆರಗು, ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಚಕ್ರಕ್ಕೆ ಸಿಕ್ಕ ಸೆರಗು ಜೀವ ತೆಗೆದೀತು.

ಮೇಷ್ಟ್ರ ವಿಷಯಕ್ಕೆ ಬರೋಣ. ಅವರನ್ನು ಮತ್ತೆ ಹೃದಯ ತಜ್ಞರ ಬಳಿಗೆ ಕಳಿಸಿದೆ. ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿತ್ತು, ಒಪ್ಪಿಗೆ ಸಿಕ್ಕಿತು. ಆದರೆ ಒಂದು ನಷ್ಟ ತಪ್ಪಲಿಲ್ಲ. ಅವರದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಚಳಿಯ ಬೆಳಗಿನಲ್ಲಿ ಹತ್ತು ಸಲ ಕಿಕ್ ಹೊಡೆಯುವ ಗಾಡಿ ಸ್ಟೆಂಟ್ ಹಾಕಿದ ಹೃದಯಕ್ಕೆ ತಕ್ಕದ್ದಲ್ಲ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಅದನ್ನು ತಂಗಿಯ ಮಗನಿಗೆ ಕೊಟ್ಟು, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಹಗುರ ಸ್ಕೂಟರ್ ಕೊಂಡರು. ಮೊದಲ ವಾರ ಶಾಲೆಯ ಬಯಲಿನಲ್ಲಿ ಮಗನೇ ನಿಂತು ಸುತ್ತು ಹಾಕಿಸಿದರು. ಆಮೇಲೆ ತೋಟಕ್ಕೆ, ಆಮೇಲೆ ಅರಕಲಗೂಡಿಗೆ. ಖಿನ್ನತೆಗೆ ಕೊಟ್ಟ ಮಾತ್ರೆಯೂ ಜೊತೆಗೆ ನಡೆಯಿತು. ಅದನ್ನು ಅವರಾಗಿ ನಿಲ್ಲಿಸಬಾರದೆಂದು ಹೇಳಿದ್ದೆ.

ಕಳೆದ ತಿಂಗಳು ಬಂದಾಗ ಮೇಷ್ಟ್ರು ಒಬ್ಬರೇ ಬಂದಿದ್ದರು. ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು, "ತಂಗಿ ಮನೆಯಲ್ಲಿ ಯೆಜ್ಡಿ ನೋಡಿಕೊಂಡು ಬಂದೆ ಡಾಕ್ಟ್ರೇ. ಹುಡುಗ ಚೆನ್ನಾಗಿ ಒರೆಸಿ ಇಟ್ಟಿದ್ದಾನೆ" ಎಂದರು. ಬಿ.ಪಿ. ನೋಡಿದೆ, 130/80. ಮಾತ್ರೆ ಮುಂದುವರಿಸಲು ಹೇಳಿ ಕಳಿಸಿದೆ.

ನಿಮ್ಮ ಮನೆಯಲ್ಲೂ ಯಾರದಾದರೂ ಗಾಡಿಯ ಕೀಯನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದರೆ, ಈ ವಾರ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಓಡಿಸಬಹುದೇ, ಯಾವಾಗಿನಿಂದ, ಎಷ್ಟು ದೂರ ಎಂದು ಕೇಳಿ. ಬೇಡವೆಂದರೆ ಕಾರಣ ಕೇಳಿ. ಆಗಬಹುದೆಂದರೆ ಕೀ ಜೊತೆಗೆ ಒಂದು ಒಳ್ಳೆಯ ಹೆಲ್ಮೆಟ್ಟನ್ನೂ ಕೊಡಿ.