ಒಂದು ಹನಿ ರಕ್ತದಲ್ಲಿ ಆನೆಯ ಹಣೆಬರಹ?



ಆನೆಗೆ ಕ್ಷಯ ತಗುಲಿದೆಯೆಂಬ ಸಂಶಯ ಮೂಡಿದಾಗ ರಕ್ತಪರೀಕ್ಷೆಯೊಂದನ್ನು ಮಾಡಿಸಿದರೆ ಎಲ್ಲವೂ ಇತ್ಯರ್ಥವಾಗುತ್ತದೆ ಎಂಬ ಭಾವನೆ ಸಾರ್ವಜನಿಕ ಚರ್ಚೆಯಲ್ಲಿ ಬೇರೂರುತ್ತಿದ್ದು, ಸೆರೆಹಿಡಿದ ಕಾಡಾನೆಗಳ ವಿಷಯದಲ್ಲಂತೂ ಈ ಒಂದೇ ಪರೀಕ್ಷೆಯನ್ನು ತೀರ್ಪೆಂದು ಸ್ವೀಕರಿಸುವ ಅಪಾಯವಿದೆ. ಇದು ಒಪ್ಪತಕ್ಕ ಮಾತಲ್ಲ.

ಆದರೂ ರಕ್ತಪರೀಕ್ಷೆಯ ಮೇಲಿನ ಈ ಭರವಸೆಗೆ ಕಾರಣವಿದೆ. ಬೆಳೆದ ಆನೆಯ ಎದೆ ಎಕ್ಸ್-ರೇಗೆ ನಿಲುಕದಷ್ಟು ದಪ್ಪ. ದನಗಳಿಗೆ ಮಾಡುವ ಚರ್ಮದ ಪರೀಕ್ಷೆ ಆನೆಗಳಲ್ಲಿ ನೆಚ್ಚುವಂಥದ್ದಲ್ಲ. ಅಮೆರಿಕದಲ್ಲಿ 1996ರಲ್ಲಿ ಎರಡು ಸರ್ಕಸ್ ಆನೆಗಳು ಕ್ಷಯದಿಂದ ಸತ್ತ ಬಳಿಕ ಸೊಂಡಿಲು ತೊಳೆದು ಮಾದರಿ ಪಡೆಯುವ ಕ್ರಮ ರೂಢಿಗೆ ಬಂತು. ಸೊಂಡಿಲ ಹೊಳ್ಳೆಗೆ ಸುಮಾರು 60 ಮಿಲಿಲೀಟರ್ ಉಪ್ಪುನೀರು ಹೊಯ್ದು, ಸೊಂಡಿಲನ್ನು ಮೇಲೆತ್ತಿಸಿ, ಬಳಿಕ ಆ ನೀರನ್ನು ಪ್ಲಾಸ್ಟಿಕ್ ಚೀಲದೊಳಕ್ಕೆ ಊದಿಸಬೇಕು. ಹೀಗೆ ಮೂರು ಬೇರೆ ಬೇರೆ ದಿನ ಪಡೆದ ದ್ರವದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ಎಂಟು ವಾರಗಳವರೆಗೂ ಕಾಯಬೇಕು. ಪಳಗದ ಆನೆ ಇದಕ್ಕೆ ಮಣಿಯುವುದುಂಟೇ? ಕಿವಿಯ ಹಿಂದಿನ ರಕ್ತನಾಳದಿಂದ ತೆಗೆದ ರಕ್ತವನ್ನು ಪಟ್ಟಿಯ ಮೇಲೆ ಹಾಕಿ ಕೆಲವೇ ನಿಮಿಷಗಳಲ್ಲಿ ಗೆರೆ ಓದುವ ಪರೀಕ್ಷೆಗೆ 2007ರಲ್ಲಿ ಅಮೆರಿಕದಲ್ಲಿ ಪರವಾನಗಿ ದೊರೆತಾಗ ಅದು ವರದಾನದಂತೆ ಕಂಡದ್ದು ಸಹಜವೇ.

ಆದರೆ ಆ ಗೆರೆ ತೋರಿಸುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿಕೊಳ್ಳುವ ಪ್ರತಿಕಾಯ ಎಂಬ ಪ್ರೋಟೀನನ್ನು. ಸೊಂಡಿಲ ದ್ರವದಲ್ಲಿ ರೋಗಾಣು ಸಿಗುವುದಕ್ಕೆ ತಿಂಗಳುಗಳ ಮೊದಲೇ ಪ್ರತಿಕಾಯ ಕಾಣಿಸಿಕೊಳ್ಳಬಲ್ಲದು ಎಂಬುದು ಈ ಪರೀಕ್ಷೆಯ ಹಿರಿಮೆ. ಆನೆ ಉಸಿರಿನಲ್ಲಿ ರೋಗ ಹರಡುತ್ತಿದೆಯೇ ಎಂಬುದನ್ನು ಹೇಳಲಾರದಿರುವುದು ಅದರ ಮಿತಿ. ಲೆಕ್ಕವನ್ನೂ ಗಮನಿಸಬೇಕು. ನೂರು ಆನೆಗಳಲ್ಲಿ ಎರಡಕ್ಕೆ ಮಾತ್ರ ನಿಜವಾಗಿ ಕ್ಷಯವಿದ್ದು, ಪರೀಕ್ಷೆ ಆ ಎರಡನ್ನೂ ಗುರುತಿಸಿ, ಆರೋಗ್ಯವಂತ ಆನೆಗಳಲ್ಲಿ ನೂರಕ್ಕೆ ಐದನ್ನು ತಪ್ಪಾಗಿ ರೋಗಿಯೆಂದು ತೋರಿಸುತ್ತದೆಂದು ಭಾವಿಸಿದರೆ, ಗೆರೆ ಮೂಡುವ ಏಳು ಆನೆಗಳಲ್ಲಿ ಐದಕ್ಕೆ ರೋಗವೇ ಇರುವುದಿಲ್ಲ. ಆ ಐದನ್ನೂ ಒಡನಾಡಿಗಳಿಂದ ಬೇರ್ಪಡಿಸಿ, ಮೇವು ಬಿಡಿಸುವ, ಯಕೃತ್ತಿಗೆ ಹಾನಿ ಮಾಡಬಲ್ಲ ಐಸೋನಿಯಾಜಿಡ್, ರಿಫಾಂಪಿಸಿನ್‌ನಂಥ ಔಷಧಗಳನ್ನು ವರ್ಷದಷ್ಟು ಕಾಲ ಕೊಡುವುದು ಚಿಕಿತ್ಸೆ ಎನಿಸಿಕೊಳ್ಳಲಾರದು. ಸೊಂಡಿಲ ಪರೀಕ್ಷೆಯೂ ದೋಷಮುಕ್ತವಲ್ಲ, ಏಕೆಂದರೆ ರೋಗವಿರುವ ಆನೆ ಎಲ್ಲ ದಿನವೂ ರೋಗಾಣುವನ್ನು ಹೊರಹಾಕುವುದಿಲ್ಲ. ಎರಡನ್ನೂ ಕೂಡಿಸಿ, ಮತ್ತೆ ಮತ್ತೆ ಮಾಡಿ ನೋಡುವುದೊಂದೇ ದಾರಿ.

ಇನ್ನು ರೋಗದ ಮೂಲದ ಪ್ರಶ್ನೆ. ಕೇರಳದಲ್ಲಿ ಸತ್ತ ಮೂರು ಕಾಡಾನೆಗಳಲ್ಲಿ ಮನುಷ್ಯರನ್ನು ಕಾಡುವ ಕ್ಷಯಾಣುವೇ ಪತ್ತೆಯಾದುದನ್ನು 2017ರಲ್ಲಿ ಪಶುವೈದ್ಯರು ವರದಿ ಮಾಡಿದ್ದಾರೆ. ಕೇರಳದ ವಯನಾಡಿನ ಕಾಡು ನಮ್ಮ ಬಂಡೀಪುರ, ನಾಗರಹೊಳೆಗಳಿಗೆ ತಾಗಿಕೊಂಡೇ ಇದ್ದು, ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಶಿಬಿರಗಳ ಆನೆಗಳು ರಾತ್ರಿ ಕಾಡಿನಲ್ಲಿ ಮೇದು, ಹಗಲು ಮಾವುತರು, ಕಾವಾಡಿಗಳು ಮತ್ತು ಪ್ರವಾಸಿಗರ ನಡುವೆ ಕಳೆಯುತ್ತವೆ. ಹೀಗಿರುವಾಗ ಆನೆಯ ರಕ್ತವನ್ನಷ್ಟೇ ಪರೀಕ್ಷಿಸಿ ಅದರ ಪಕ್ಕದಲ್ಲಿ ಬದುಕುವ ಮನುಷ್ಯನ ಕಫವನ್ನು ಪರೀಕ್ಷಿಸದಿರುವುದು ಅರ್ಧ ಕೆಲಸ. ಮಾವುತರ ಕುಟುಂಬಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ನಡೆಯಬೇಕು. ರೋಗ ಕಂಡುಬಂದವರಿಗೆ ಚಿಕಿತ್ಸೆಯ ಅವಧಿಯಲ್ಲಿ ಸಂಬಳ ಕಡಿತವಾಗಬಾರದು, ಇಲ್ಲವಾದರೆ ಯಾರೂ ಕೆಮ್ಮನ್ನು ಹೇಳಿಕೊಳ್ಳಲಾರರು.

ರಕ್ತಪರೀಕ್ಷೆಯ ನಿಜವಾದ ಉಪಯೋಗ ಬೇರೊಂದು ಕಡೆಯಿದೆ. ಹಾಸನ, ಕೊಡಗುಗಳಲ್ಲಿ ಅರಿವಳಿಕೆ ಕೊಟ್ಟು ಹಿಡಿದ ಕಾಡಾನೆಯಿಂದ ಅಂದೇ ರಕ್ತ ತೆಗೆದು, ಅದರ ಸೀರಮ್ ಅಂದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು ಶೈತ್ಯದಲ್ಲಿ ಕಾಪಿಟ್ಟು, ಶಿಬಿರದಲ್ಲಿ ಮುಂದೆ ತೆಗೆದ ಮಾದರಿಗಳೊಂದಿಗೆ ಹೋಲಿಸಿದರೆ, ಸೋಂಕು ಕಾಡಿನಿಂದ ಬಂದಿತೋ ಮನುಷ್ಯರ ಸಹವಾಸದಲ್ಲಿ ತಗುಲಿತೋ ಎಂಬುದರ ಸುಳಿವು ಸಿಗುತ್ತದೆ. ಅರಣ್ಯ ಇಲಾಖೆ ಈ ಕ್ರಮವನ್ನು ಕಡ್ಡಾಯಗೊಳಿಸಿ, ಫಲಿತಾಂಶಗಳನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಡಬೇಕು.